ಶ್ರೀ ಗಣೇಶನ ಹೆಸರಿನ ಪೇಜ್‌ಮೇಕರ್

ನಾನು ಡಿಟಿಪಿ ಕೆಲಸಕ್ಕೆ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟುವ ಕೆಲಸಕ್ಕೆ ಸೇರಿದ್ದು 1998ರಲ್ಲಿ, ಶಿವಮೊಗ್ಗದ ಒಂದು ಅಂಗಡಿಗೆ. ಹತ್ತಡಿ ಅಗಲದ ಜಾಗ. ಎರಡು ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್, ಗೋಡೆಯ ಮೇಲೆ ಸಿಗಂದೂರು ಚೌಡೇಶ್ವರಿ. ಸಂಬಳ ತಿಂಗಳಿಗೆ ಒಂದೂವರೆ ಸಾವಿರ. ಸೇರಿದ ವಾರವೇ ಒಂದು ಕಂಪ್ಯೂಟರಿಗೆ ವೈರಸ್ ಹೊಕ್ಕು, ಎಲ್ಲ ಅಳಿಸಿ ಮತ್ತೆ ಲೋಡ್ ಮಾಡಬೇಕಾಯಿತು. ಯಜಮಾನರು ಡ್ರಾಯರಿನಿಂದ ಒಂದು ಸಿಡಿ ತೆಗೆದರು. ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಪಿಎಂ 6.5’ ಎಂದು ಬರೆದಿತ್ತು. ಪಿಎಂ ಅಂದರೆ ಪೇಜ್‌ಮೇಕರ್, ಪುಟ ಕಟ್ಟುವ ಸಾಫ್ಟ್‌ವೇರ್. ಕವರಿನ ಒಳಗೆ ಬಾಲ್‌ಪೆನ್ನಿನಲ್ಲಿ ಬರೆದ ಉದ್ದನೆಯ ಸೀರಿಯಲ್ ನಂಬರ್.

ಅರ್ಧ ಲೋಡ್ ಆಗುವಾಗ ಪರದೆಯ ಮೇಲೆ ಒಂದು ಚೌಕ ಬಂತು. ಹೆಸರು ಕೇಳಿತು, ಕಂಪನಿ ಕೇಳಿತು, ನಂಬರ್ ಕೇಳಿತು. ಯಜಮಾನರು ಸ್ವಲ್ಪ ಯೋಚಿಸಿ ಹೆಸರಿನ ಜಾಗದಲ್ಲಿ ‘ಶ್ರೀ ಗಣೇಶ’ ಎಂದೂ ಕಂಪನಿಯ ಜಾಗದಲ್ಲಿ ‘ಪ್ರಸನ್ನ’ ಎಂದೂ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದರು. ನನಗೆ ನಗು ಬಂತು.

‘ಹೊಸ ಲೆಕ್ಕದ ಪುಸ್ತಕದಲ್ಲಿ ಮೊದಲನೇ ಸಾಲು ಏನ್ ಬರೀತಾರೆ ಹೇಳು? ಇದೂ ಹಾಗೇ’ ಅಂದರು.

ಅವತ್ತಿನಿಂದ ಆ ಕಂಪ್ಯೂಟರಿನಲ್ಲಿ ಪೇಜ್‌ಮೇಕರ್ ತೆರೆದಾಗಲೆಲ್ಲ ಅದರ ಲೈಸೆನ್ಸ್ ಶ್ರೀ ಗಣೇಶನ ಹೆಸರಿನಲ್ಲಿದೆ ಎಂದು ತೋರಿಸುತ್ತಿತ್ತು. ನಾವು ದಿನಾ ಬೆಳಗ್ಗೆ ಅದನ್ನು ನೋಡಿಯೇ ಕೆಲಸ ಶುರು ಮಾಡುತ್ತಿದ್ದೆವು.

ಅದು ಕದ್ದ ಮಾಲು ಎಂದು ಗೊತ್ತಿತ್ತಾ? ಗೊತ್ತಿತ್ತು. ಆದರೆ ಕಳ್ಳತನ ಅನ್ನುವ ಮಾತು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಆಗ ಅಸೆಂಬಲ್ಡ್ ಕಂಪ್ಯೂಟರ್ ಅಂದರೆ ಬೆಂಗಳೂರಿನ ಎಸ್.ಪಿ. ರೋಡ್. ಅಲ್ಲಿಂದ ತಂದವರು ಸಾಫ್ಟ್‌ವೇರನ್ನೂ ‘ಹಾಕಿ’ ಕೊಡುತ್ತಿದ್ದರು, ತರಕಾರಿ ಜೊತೆ ಒಂದು ಹಿಡಿ ಕೊತ್ತಂಬರಿ ಸೊಪ್ಪು ಕೊಟ್ಟ ಹಾಗೆ. ಕೊತ್ತಂಬರಿಗೆ ಯಾರಾದರೂ ರಸೀದಿ ಕೇಳುತ್ತಾರಾ?

ಇನ್ನೊಂದು ಕಂಪ್ಯೂಟರ್ ಹಳೆಯದು. ಅದರಲ್ಲಿದ್ದದ್ದು ಪೇಜ್‌ಮೇಕರ್ 5. ಫ್ಲಾಪಿಗಳಲ್ಲಿ ಬಂದದ್ದು. ಅದನ್ನು ತೆರೆದರೆ, ಹೊಸದರಲ್ಲಿದ್ದ ಅಡೋಬಿ ಕಂಪನಿಯ ಹೆಸರೇ ಇರುತ್ತಿರಲಿಲ್ಲ. ‘ಆಲ್ಡಸ್’ ಎಂದಿರುತ್ತಿತ್ತು, ಜೊತೆಗೆ ಪಕ್ಕದಿಂದ ಕಾಣುವ ಒಂದು ಗಂಡಸಿನ ಮುಖ. ಹಳೇ ಕಾಲದ ಟೊಪ್ಪಿ, ಗಂಭೀರ ಮೂಗು. ನಾನು ಯಾವುದೋ ರಾಜ ಅಂದುಕೊಂಡಿದ್ದೆ. ಯಜಮಾನರನ್ನು ಕೇಳಿದರೆ ‘ಕಂಪನಿ ಓನರ್ ತಾತ ಇರಬೇಕು’ ಅಂದರು. ಒಂದೇ ಪೇಜ್‌ಮೇಕರ್ ಎರಡು ಕಂಪನಿಗಳ ಹೆಸರಲ್ಲಿ ಯಾಕಿದೆ ಎಂದು ನಾವಿಬ್ಬರೂ ತಲೆ ಕೆಡಿಸಿಕೊಳ್ಳಲಿಲ್ಲ. ಲಗ್ನದ ಸೀಸನ್ನಿನಲ್ಲಿ ಅಷ್ಟೆಲ್ಲ ಪುರುಸೊತ್ತು ಎಲ್ಲಿ?

ಆ ಮುಖ ಯಾರದು ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಬೆಂಗಳೂರಿಗೆ ಬಂದ ನಂತರ. ಅವನು ಆಲ್ಡಸ್ ಮನೂಟಿಯಸ್. ಐನೂರು ವರ್ಷ ಹಿಂದೆ ವೆನಿಸ್ ಊರಿನಲ್ಲಿ ಅಚ್ಚುಕೂಟ ನಡೆಸಿದವನು. ಗ್ರೀಕ್, ಲ್ಯಾಟಿನ್ ಗ್ರಂಥಗಳನ್ನು ಅಚ್ಚು ಹಾಕುತ್ತಿದ್ದ. 1501ರಲ್ಲಿ ಅವನು ವರ್ಜಿಲ್ ಕವಿಯ ಕಾವ್ಯವನ್ನು ಕೈಯಲ್ಲಿ ಹಿಡಿದುಕೊಂಡು ಓಡಾಡುವಷ್ಟು ಚಿಕ್ಕ ಪುಸ್ತಕವಾಗಿ ತಂದ. ಅಲ್ಲಿಯತನಕ ಇಂಥ ಗ್ರಂಥಗಳೆಂದರೆ ಮೇಜಿನ ಮೇಲೆ ಹರಡಿಕೊಂಡು ಓದುವಂಥವು. ಈ ಚಿಕ್ಕ ಪುಸ್ತಕಕ್ಕೆಂದೇ ಅವನು ಹೊಸ ಅಚ್ಚಿನ ಮೊಳೆ ಮಾಡಿಸಿದ. ಕೈಬರಹದ ಹಾಗೆ ಬಲಕ್ಕೆ ವಾಲಿದ ಅಕ್ಷರ. ನಾವು ಇಂದು ಇಟಾಲಿಕ್ ಅನ್ನುವುದು ಅದನ್ನೇ. (ಕನ್ನಡವನ್ನು ಹಾಗೆ ವಾಲಿಸಿದರೆ ಗಾಳಿಗೆ ಬಿದ್ದ ಬಾಳೆ ತೋಟದ ಹಾಗೆ ಕಾಣುತ್ತದೆ. ಆದರೂ ಗಿರಾಕಿಗಳು ‘ಸ್ವಲ್ಪ ಸೈಡಿಗೆ ವಾಲ್ಸಿ’ ಅನ್ನುವುದು ಬಿಡುವುದಿಲ್ಲ.)

ಪುಸ್ತಕ ಚೆನ್ನಾಗಿ ಹೋಯಿತು. ಹೋದದ್ದೇ ತಡ, ಫ್ರಾನ್ಸಿನ ಲಿಯಾನ್ ಊರಿನ ಅಚ್ಚುಕೂಟದವರು ನಕಲು ಶುರು ಮಾಡಿದರು. ಅದೇ ಅಳತೆ, ಅದೇ ವಾಲಿದ ಅಕ್ಷರ, ಅದೇ ಪಠ್ಯ. 1502ರಲ್ಲಿ ವೆನಿಸ್ಸಿನ ಸೆನೆಟ್ ಈ ಅಕ್ಷರದ ಮೇಲೆ ಆಲ್ಡಸ್‌ಗೆ ಹಕ್ಕು ಕೊಟ್ಟಿತು. ಆದರೆ ವೆನಿಸ್ಸಿನ ಕಾನೂನು ಲಿಯಾನಿನಲ್ಲಿ ಯಾರು ಕೇಳುತ್ತಾರೆ?

ಕೊನೆಗೆ 1503ರ ಮಾರ್ಚ್ 16ರಂದು ಅವನು ಒಂದು ಎಚ್ಚರಿಕೆ ಪತ್ರ ಅಚ್ಚು ಹಾಕಿದ. ಅದರಲ್ಲಿ ನಕಲು ಪುಸ್ತಕ ಗುರುತಿಸುವುದು ಹೇಗೆ ಎಂದು ಓದುಗರಿಗೆ ಹೇಳಿದ. ಕಾಗದ ಕಳಪೆ, ಒಂಥರಾ ವಾಸನೆ ಬರುತ್ತದೆ. ಅಚ್ಚು ಹಾಕಿದವರ ಹೆಸರಿಲ್ಲ, ಊರಿಲ್ಲ. ಅಷ್ಟೇ ಅಲ್ಲ, ಯಾವ ಪುಸ್ತಕದಲ್ಲಿ ಎಲ್ಲೆಲ್ಲಿ ಏನೇನು ತಪ್ಪು ಅಚ್ಚಾಗಿದೆ ಎಂದು ಪಟ್ಟಿಯನ್ನೇ ಕೊಟ್ಟ. ಲಿಯಾನಿನವರು ಏನು ಮಾಡಿದರು ಗೊತ್ತಾ? ಆ ಪಟ್ಟಿ ತರಿಸಿಕೊಂಡು, ತಮ್ಮ ಪುಸ್ತಕಗಳಲ್ಲಿ ಆ ತಪ್ಪುಗಳನ್ನೆಲ್ಲ ತಿದ್ದಿಕೊಂಡರು. ಪುಕ್ಕಟೆ ಪ್ರೂಫ್ ರೀಡಿಂಗ್.

ಇದನ್ನು ಓದಿದಾಗ ನಾನು ಒಬ್ಬನೇ ಕೂತು ಜೋರಾಗಿ ನಕ್ಕೆ. ಯಾಕೆಂದರೆ ನಮ್ಮ ಅಂಗಡಿಯಲ್ಲೂ ಇದು ನಡೆದಿತ್ತು.

1999ರ ಬೇಸಿಗೆ ಇರಬೇಕು. ಲಗ್ನಪತ್ರಿಕೆಗೆ ನಾನೊಂದು ಮ್ಯಾಟರ್ ಫೈಲ್ ಮಾಡಿಟ್ಟಿದ್ದೆ. ಸುತ್ತ ಮಾವಿನೆಲೆ ಬಾರ್ಡರ್, ಮೇಲೆ ಗಣಪತಿ, ನಡುವೆ ಒಕ್ಕಣೆ. ಹುಡುಗ ಹುಡುಗಿಯ ಹೆಸರು, ತಾರೀಖು, ಛತ್ರದ ಹೆಸರು ಬದಲಾಯಿಸಿದರೆ ಮುಗಿಯಿತು. ಅದರಲ್ಲಿ ‘ಸುಮುಹೂರ್ತ’ ಅನ್ನುವ ಕಡೆ ಶಿಫ್ಟ್ ಕೀ ಒಂದು ಅಕ್ಷರ ಮೊದಲೇ ಒತ್ತಿಬಿಟ್ಟಿದ್ದೆ. ‘ಸುಮೂಹುರ್ತ’ ಆಗಿತ್ತು. ಹದಿನೈದು ಇಪ್ಪತ್ತು ಮದುವೆ ಅದರಲ್ಲೇ ಮುಗಿದವು. ಪ್ರೂಫ್ ನೋಡಿದ ಅಪ್ಪಂದಿರಿಗೆ ನೆಂಟರ ಹೆಸರು ಬಿಟ್ಟುಹೋಗಿದೆಯಾ ಅನ್ನುವುದೊಂದೇ ಚಿಂತೆ. ಮುಹೂರ್ತವನ್ನು ಯಾರೂ ಓದಲಿಲ್ಲ.

ಆಮೇಲೆ ಭದ್ರಾವತಿಯ ಒಂದು ಮದುವೆಗೆ ಹೋದಾಗ ಆ ಪತ್ರಿಕೆ ನೋಡಿದೆ. ನಮ್ಮಲ್ಲಿ ಮಾಡಿಸಿದ್ದಲ್ಲ, ಬೇರೆ ಅಂಗಡಿಯದು. ಮಾವಿನೆಲೆ ನಮ್ಮದೇ, ಗಣಪತಿ ನಮ್ಮದೇ, ‘ಸುಮೂಹುರ್ತ’ವೂ ನಮ್ಮದೇ. ಕಂಪ್ಯೂಟರ್ ರಿಪೇರಿಗೆ ಬಂದವನು ಫೈಲನ್ನು ಫ್ಲಾಪಿಯಲ್ಲಿ ಎತ್ತಿಕೊಂಡು ಹೋಗಿದ್ದ. ಯಜಮಾನರಿಗೆ ಹೇಳಿದೆ. ಅವರು ಆ ಅಂಗಡಿಗೇ ಹೋಗಿ ಕೂಗಾಡಿದರು. ‘ಕದಿಯೋದು ಕದೀತೀರಿ, ನಮ್ಮ ತಪ್ಪು ಸಮೇತ ಕದೀತೀರಲ್ರೀ!’ ಅಂದರಂತೆ. ಆ ಅಂಗಡಿಯವರು ಪತ್ರಿಕೆ ತಿರುಗಿಸಿ ನೋಡಿ, ‘ಹೌದಲ್ಲ ಸಾರ್, ತಪ್ಪಾಗಿದೆ. ಹೇಳಿದ್ದು ಒಳ್ಳೇದಾಯ್ತು’ ಎಂದು ಅಲ್ಲೇ ಸರಿ ಮಾಡಿಕೊಂಡರು. ಯಜಮಾನರು ವಾಪಸ್ ಬಂದು, ಮುಖ ಕೆಂಪಗೆ ಮಾಡಿಕೊಂಡು, ಶ್ರೀ ಗಣೇಶನ ಹೆಸರಿನ ಪೇಜ್‌ಮೇಕರ್ ಮುಂದೆ ಕೂತರು. ‘ಎಂಥಾ ಕಾಲ ಬಂತಪ್ಪಾ’ ಅಂದರು. ನಾನು ಬಾಯಿ ಬಿಡಲಿಲ್ಲ.

ಅವರನ್ನು ಬರೀ ಗೇಲಿ ಮಾಡಿದರೆ ತಪ್ಪಾಗುತ್ತದೆ. ಅಂಗಡಿಯಲ್ಲಿ ಒಂದು ಸಾಫ್ಟ್‌ವೇರನ್ನು ಅವರು ದುಡ್ಡು ಕೊಟ್ಟು, ಬಿಲ್ಲು ಹಾಕಿಸಿ ತಂದಿದ್ದರು. ಅದು ಕನ್ನಡದ್ದು.

ಪೇಜ್‌ಮೇಕರ್‌ಗೆ ಕನ್ನಡ ಬರುತ್ತಿರಲಿಲ್ಲ. ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ನಂಬರ್ ಕೊಡುವ ಯೂನಿಕೋಡ್ ಅದಕ್ಕೆ ಕೊನೆಯತನಕ ಬರಲಿಲ್ಲ. ಇಂಗ್ಲಿಷಿಗೆಂದು ಇದ್ದ ಇನ್ನೂರ ಐವತ್ತಾರು ಗೂಡುಗಳಲ್ಲೇ ಕನ್ನಡದ ತುಂಡುಗಳನ್ನು ತುಂಬಬೇಕು. ತಲೆಕಟ್ಟು ಒಂದು ಗೂಡಿನಲ್ಲಿ, ಕೊಂಬು ಒಂದು ಗೂಡಿನಲ್ಲಿ, ಒತ್ತಕ್ಷರ ಇನ್ನೊಂದರಲ್ಲಿ. ನಾವು ಕೀ ಒತ್ತಿದಾಗ ಈ ತುಂಡುಗಳನ್ನು ಜೋಡಿಸಿ ಅಕ್ಷರ ಮಾಡುವುದು ಕನ್ನಡ ಪ್ಯಾಕೇಜಿನ ಕೆಲಸ. ಯಾವ ತುಂಡು ಯಾವ ಗೂಡಿನಲ್ಲಿ ಅನ್ನುವುದು ಒಂದೊಂದು ಕಂಪನಿಗೆ ಒಂದೊಂದು ಥರ. ಒಬ್ಬರ ಫಾಂಟಿನಲ್ಲಿ ಹೊಡೆದದ್ದನ್ನು ಇನ್ನೊಬ್ಬರ ಫಾಂಟಿಗೆ ಹಾಕಿದರೆ ಕೋಳಿ ಕೆದರಿದ ಹಾಗೆ ಕಾಣುತ್ತಿತ್ತು. ಅಂದರೆ ಒಂದು ಸಲ ಒಂದು ಪ್ಯಾಕೇಜ್ ಕೊಂಡರೆ ಆಯಿತು, ನಾವು ಹೊಡೆದ ಅಷ್ಟೂ ಮ್ಯಾಟರ್ ಅವರ ಬೀಗದೊಳಗೆ. ಬರೆದವರು ನಾವು. ಓದಲು ಅಪ್ಪಣೆ ಅವರದು.

ಬೀಗ ಅಂದದ್ದು ಬರೀ ಮಾತಿಗಲ್ಲ. ನಿಜವಾಗಿ ಒಂದು ‘ಲಾಕ್’ ಇತ್ತು. ಪ್ರಿಂಟರ್ ಕೇಬಲ್ ಚುಚ್ಚುವ ಜಾಗಕ್ಕೆ, ಕಂಪ್ಯೂಟರಿಗೂ ಕೇಬಲಿಗೂ ನಡುವೆ ಹಾಕುವ ಬೆಂಕಿಪೊಟ್ಟಣದಷ್ಟು ಡಬ್ಬಿ. ಅದು ಇದ್ದರೆ ಕನ್ನಡ. ಕಿತ್ತರೆ ಇಲ್ಲ. ಅದಕ್ಕೆ ಕೊಟ್ಟ ದುಡ್ಡು ನನ್ನ ಆರು ತಿಂಗಳ ಸಂಬಳಕ್ಕಿಂತ ಜಾಸ್ತಿ. ರಾತ್ರಿ ಅಂಗಡಿ ಮುಚ್ಚುವಾಗ ಯಜಮಾನರು ಅದನ್ನು ಕಿತ್ತು ಜೇಬಿನಲ್ಲಿ ಇಟ್ಟುಕೊಂಡು ಮನೆಗೆ ಹೋಗುತ್ತಿದ್ದರು.

ಒಂದು ದಿನ ಮಧ್ಯಾಹ್ನ ಸಿಡಿಲು ಹೊಡೆದು ಪ್ರಿಂಟರ್ ಪೋರ್ಟ್ ಹೋಯಿತು, ಜೊತೆಗೆ ಲಾಕ್ ಕೂಡ. ಪೋರ್ಟ್ ರಿಪೇರಿ ಆಯಿತು. ಲಾಕ್‌ಗಾಗಿ ಯಜಮಾನರು ಎಸ್‌ಟಿಡಿ ಬೂತಿನಿಂದ ಕಂಪನಿಗೆ ಫೋನ್ ಹಚ್ಚಿದರು. ಆ ಕಡೆ ಎತ್ತಿದವರು ಬೇರೆ ಯಾವುದೋ ಕಂಪನಿಯ ಹೆಸರು ಹೇಳಿದರು. ನಂಬರ್ ಅದೇ, ವಿಳಾಸ ಅದೇ, ಬೋರ್ಡು ಮಾತ್ರ ಬದಲಾಗಿದೆ. ‘ಅದು ಹಳೇ ಕಂಪನಿ ಪ್ರಾಡಕ್ಟ್ ಸಾರ್. ನಮ್ಮದು ಹೊಸ ಕಂಪನಿ. ಹೊಸ ವರ್ಶನ್ ತಗೊಂಡ್ರೆ ಹೊಸ ಲಾಕ್ ಕೊಡ್ತೀವಿ.’ ಹೊಸದಕ್ಕೆ ಮತ್ತೆ ಪೂರ್ತಿ ದುಡ್ಡು.

ಯಜಮಾನರು ಫೋನಿನಲ್ಲೇ ಕೇಳಿದ ಪ್ರಶ್ನೆ ನನಗೆ ಇವತ್ತಿಗೂ ನೆನಪಿದೆ. ‘ಅಲ್ರೀ, ಮದುವೆ ಆದ್ಮೇಲೆ ಹೆಂಗಸರ ಇನಿಶಿಯಲ್ ಬದಲಾಗುತ್ತೆ. ಹಾಗಂತ ಹಿಂದೆ ಮಾಡಿದ ಸಾಲ ಮನ್ನಾ ಆಗುತ್ತೇನ್ರೀ?’

ಕಾನೂನು ಓದದೆಯೇ ಅವರು ಸರಿಯಾದ ಜಾಗಕ್ಕೆ ಕೈ ಹಾಕಿದ್ದರು. ಆಗ ಜಾರಿಯಲ್ಲಿದ್ದ 1956ರ ಕಂಪನಿ ಕಾಯ್ದೆಯ 23ನೇ ಕಲಮು ಇದನ್ನೇ ಹೇಳುತ್ತಿತ್ತು: ಹೆಸರು ಬದಲಾಯಿಸಿದ ಮಾತ್ರಕ್ಕೆ ಕಂಪನಿಯ ಹಕ್ಕೂ ಬದಲಾಗುವುದಿಲ್ಲ, ಹೊಣೆಯೂ ಬದಲಾಗುವುದಿಲ್ಲ. ಆದರೆ ಹೆಸರು ಬದಲಾಯಿಸುವುದು ಬೇರೆ, ಹಳೆಯದನ್ನು ಮುಚ್ಚಿ ಅದೇ ಕೋಣೆಯಲ್ಲಿ ಹೊಸ ಕಂಪನಿ ತೆರೆಯುವುದು ಬೇರೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಶಿವಮೊಗ್ಗದ ಎಸ್‌ಟಿಡಿ ಬೂತಿನಲ್ಲಿ ನಿಮಿಷಕ್ಕೆ ದುಡ್ಡು ಕಟ್ಟುತ್ತಾ ನಿಂತವರಿಗೆ ಯಾವುದು ಎಂದು ಹೇಗೆ ಗೊತ್ತಾಗಬೇಕು?

ಒಂದು ವಾರ ಅಂಗಡಿ ಹೆಚ್ಚುಕಡಿಮೆ ಮುಚ್ಚಿದ ಹಾಗಿತ್ತು. ಆಮೇಲೆ ಒಬ್ಬ ಹುಡುಗ ಬಂದ, ಇಂಜಿನಿಯರಿಂಗ್ ಓದುತ್ತಿದ್ದವನು. ಲಾಕ್ ಇಲ್ಲದೆ ಅದೇ ಪ್ಯಾಕೇಜ್ ಓಡುವ ಹಾಗೆ ಮಾಡಿಕೊಟ್ಟು, ಮುನ್ನೂರು ರೂಪಾಯಿ ತಗೊಂಡು ಹೋದ. ಅಲ್ಲಿಗೆ ಅಂಗಡಿಯಲ್ಲಿದ್ದ ಒಂದೇ ಒಂದು ಒರಿಜಿನಲ್ ಸಾಫ್ಟ್‌ವೇರ್ ಕೂಡ ಕ್ರ್ಯಾಕ್ ಆಯಿತು.

ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ 63ಬಿ ಅಂತ ಒಂದು ಕಲಮು ಇದೆ. 1994ರ ತಿದ್ದುಪಡಿಯಲ್ಲಿ ಬಂದದ್ದು. ಕದ್ದ ಪ್ರತಿ ಎಂದು ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೆ ಏಳು ದಿನದಿಂದ ಮೂರು ವರ್ಷ ಜೈಲು, ಐವತ್ತು ಸಾವಿರದಿಂದ ಎರಡು ಲಕ್ಷ ದಂಡ. ವ್ಯಾಪಾರಕ್ಕೆ ಬಳಸದಿದ್ದರೆ ನ್ಯಾಯಾಲಯ ಜೈಲು ಬಿಟ್ಟು ಬರೀ ದಂಡ ಹಾಕಬಹುದು. ಪೇಜ್‌ಮೇಕರ್ ವಿಷಯದಲ್ಲಿ ಇದು ನೇರವಾಗಿ ನಮ್ಮ ಕುತ್ತಿಗೆಗೇ ಬರುತ್ತಿತ್ತು. ಅದೇ ಕಾಯ್ದೆಯಲ್ಲಿ 52ನೇ ಕಲಮೂ ಇದೆ. ನ್ಯಾಯವಾಗಿ ಪ್ರೋಗ್ರಾಮ್ ಪಡೆದವರು ಅದು ಕೆಟ್ಟುಹೋದರೆ, ಹಾಳಾದರೆ ಇರಲಿ ಎಂದು ಪ್ರತಿ ಮಾಡಿಟ್ಟುಕೊಳ್ಳಬಹುದು ಅನ್ನುತ್ತದೆ. ಲಾಕ್ ಮುರಿಸಿದ್ದು ಅದರ ನೆರಳಿಗೆ ಬರುತ್ತದಾ ಎಂದು ನಾನು ವಕೀಲನಲ್ಲ, ಹೇಳಲಾರೆ. ಆದರೆ ನನ್ನ ಲೆಕ್ಕದಲ್ಲಿ ಆ ಎರಡೂ ಸಾಫ್ಟ್‌ವೇರಿನ ಪಾಪ ಒಂದೇ ಅಲ್ಲ. ಪೇಜ್‌ಮೇಕರ್‌ನಲ್ಲಿ ನಾವು ಕೊಡಬೇಕಾದದ್ದನ್ನು ಕೊಡಲಿಲ್ಲ. ಕನ್ನಡ ಪ್ಯಾಕೇಜಿನಲ್ಲಿ ಕೊಟ್ಟದ್ದನ್ನು ವಾಪಸ್ ಪಡೆದೆವು.

ಇನ್ನು ಪೇಜ್‌ಮೇಕರ್ ಮೇಲಿದ್ದ ಆ ಎರಡು ಕಂಪನಿ ಹೆಸರಿನ ವಿಷಯ. ಪೇಜ್‌ಮೇಕರ್ ಮಾಡಿದ್ದು ಅಮೆರಿಕದ ಸಿಯಾಟಲ್‌ನ ಆಲ್ಡಸ್ ಕಂಪನಿ, 1985ರಲ್ಲಿ. ಅದನ್ನು ಕಟ್ಟಿದ ಪಾಲ್ ಬ್ರೇನರ್ಡ್ ಪತ್ರಿಕೆಗಳ ಲೋಕದಿಂದ ಬಂದವರು. ‘ಡೆಸ್ಕ್‌ಟಾಪ್ ಪಬ್ಲಿಷಿಂಗ್’ ಅನ್ನುವ ಮಾತು ಹುಟ್ಟಿದ್ದು ಅವರ ಬಾಯಿಂದಲೇ. ನಮ್ಮ ಊರೂರಿನ ಬೋರ್ಡುಗಳ ಮೇಲಿನ ‘ಡಿಟಿಪಿ’ ಅದೇ. ಕಂಪನಿಗೆ ಅವರು ವೆನಿಸ್ಸಿನ ಹಳೇ ಅಚ್ಚುಗಾರನ ಹೆಸರಿಟ್ಟರು. 1994ರಲ್ಲಿ ಆಲ್ಡಸ್ ಅಡೋಬಿಯೊಳಗೆ ಸೇರಿಹೋಯಿತು. ಅಡೋಬಿ ಅನ್ನುವುದು ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಜಾನ್ ವಾರ್ನಾಕ್ ಅವರ ಮನೆ ಹಿಂದೆ ಹರಿಯುತ್ತಿದ್ದ ತೊರೆಯ ಹೆಸರು. ತೊರೆ ಉಳಿಯಿತು. ಅಚ್ಚುಗಾರನ ಮುಖ ಹೋಯಿತು.

ಆ ಹೊತ್ತಿಗೆ ಆಲ್ಡಸ್ ಮಾರುತ್ತಿದ್ದ ಫ್ರೀಹ್ಯಾಂಡ್ ಅನ್ನುವ ಚಿತ್ರದ ಸಾಫ್ಟ್‌ವೇರ್ ಅಡೋಬಿಯ ಇಲಸ್ಟ್ರೇಟರ್‌ಗೆ ಎದುರಾಳಿ. ಎರಡೂ ಒಬ್ಬರ ಕೈಗೆ ಹೋಗಬಾರದು ಎಂದು ಅಮೆರಿಕದ ವ್ಯಾಪಾರ ಆಯೋಗ ತಡೆದು, ಅದನ್ನು ಮೂಲದಲ್ಲಿ ಬರೆದ ಆಲ್ಟ್‌ಸಿಸ್ ಕಂಪನಿಗೆ ವಾಪಸ್ ಕೊಡಿಸಿತು. ಆಲ್ಟ್‌ಸಿಸ್ ಅನ್ನು ಮ್ಯಾಕ್ರೊಮೀಡಿಯ ಕೊಂಡಿತು. 2005ರಲ್ಲಿ ಮ್ಯಾಕ್ರೊಮೀಡಿಯವನ್ನು ಅಡೋಬಿ ಕೊಂಡಿತು. ಊರೆಲ್ಲ ಸುತ್ತಿ ಎಮ್ಮೆ ಅದೇ ಕೊಟ್ಟಿಗೆಗೆ. ಎರಡು ವರ್ಷದಲ್ಲಿ ಫ್ರೀಹ್ಯಾಂಡ್ ನಿಂತುಹೋಯಿತು.

ಆಲ್ಡಸ್‌ನ ಕಥೆಯಲ್ಲಿ, ಕಂಪನಿಯದಲ್ಲ, ವೆನಿಸ್ಸಿನ ಅಚ್ಚುಗಾರನದು, ನಾನು ಇನ್ನೊಬ್ಬನ ಹೆಸರು ಬಿಟ್ಟಿದ್ದೇನೆ. ಬೇಕಂತಲೇ ಬಿಟ್ಟೆ, ಎಲ್ಲರೂ ಬಿಡುತ್ತಾರಲ್ಲ. ಆ ವಾಲಿದ ಅಕ್ಷರದ ಅಚ್ಚು ಕೊರೆದವನು ಬೊಲೊನ್ಯಾದ ಫ್ರಾನ್ಸೆಸ್ಕೊ ಗ್ರಿಫೊ. 1501ರ ವರ್ಜಿಲ್‌ನಲ್ಲಿ ಆಲ್ಡಸ್ ಮೂರು ಸಾಲಿನ ಪದ್ಯದಲ್ಲಿ ಅವನನ್ನು ಹೊಗಳಿದ್ದಾನೆ. ಅದು ನಿಜ. ಆದರೆ ಮರುವರ್ಷ ಸೆನೆಟ್‌ನಿಂದ ಹಕ್ಕು ಬಂದದ್ದು ಆಲ್ಡಸ್ ಹೆಸರಿಗೆ. ಅಕ್ಷರ ಕೊರೆದವನೇ ಅದನ್ನು ವೆನಿಸ್ಸಿನಲ್ಲಿ ಬೇರೆಯವರಿಗೆ ಕೊರೆದುಕೊಡುವ ಹಾಗಿಲ್ಲ! ಗ್ರಿಫೊ ಊರು ಬಿಟ್ಟು ಫಾನೊ ಪಟ್ಟಣದಲ್ಲಿ ಸೊನ್ಸಿನೊ ಅನ್ನುವ ಯಹೂದಿ ಅಚ್ಚುಗಾರನ ಹತ್ತಿರ ಸೇರಿಕೊಂಡ. 1503ರಲ್ಲಿ ಸೊನ್ಸಿನೊ ತಾನು ತಂದ ಪೆಟ್ರಾರ್ಕ್ ಕವಿಯ ಪುಸ್ತಕದಲ್ಲಿ ಬರೆದ: ಈ ಅಕ್ಷರ ಕಂಡುಹಿಡಿದವನು ಗ್ರಿಫೊ, ಹೆಸರು ತಗೊಂಡವರು ಬೇರೆ. ಆಲ್ಡಸ್ ಲಿಯಾನಿನವರ ಮೇಲೆ ಎಚ್ಚರಿಕೆ ಪತ್ರ ಹೊರಡಿಸಿದ್ದೂ ಅದೇ 1503ರಲ್ಲಿ. ಕೊನೆಗೆ ಆ ಅಕ್ಷರಕ್ಕೆ ಉಳಿದದ್ದು ಇಬ್ಬರ ಹೆಸರೂ ಅಲ್ಲ, ದೇಶದ ಹೆಸರು.

ನಮ್ಮಲ್ಲಿ ಕೆ.ಪಿ. ರಾವ್ ಇದ್ದಾರೆ. ಅವರು ಕನ್ನಡಕ್ಕೆ ಒಂದು ಕೀಲಿಮಣೆ ಮಾಡಿದರು. ಇಂಗ್ಲಿಷ್ ಕೀಬೋರ್ಡಿನಲ್ಲೇ, ಉಚ್ಚಾರಣೆ ಹಿಡಿದು ಒತ್ತುತ್ತಾ ಹೋಗುವುದು. ನನ್ನಂಥವನು ಎರಡೇ ದಿನಕ್ಕೆ ಕಲಿತೆ. ಅದನ್ನು ಅವರು ಬೀಗ ಹಾಕಿ ಇಟ್ಟುಕೊಳ್ಳಲಿಲ್ಲ. ‘ಸೇಡಿಯಾಪು’ ಅನ್ನುವ ಕನ್ನಡ ತಂತ್ರಾಂಶ ಮಾಡಿ ಪುಕ್ಕಟೆ ಹಂಚಿದರು. ಅದಕ್ಕೂ ತಮ್ಮ ಹೆಸರಿಡದೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟರು. ಮುಂದೆ ರಾಜ್ಯ ಸರ್ಕಾರ ಅವರ ಕೀಲಿಮಣೆಯ ವಿನ್ಯಾಸವನ್ನೇ ಅಧಿಕೃತ ಎಂದು ಒಪ್ಪಿತು. ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ ಮಾಡಿದ ನುಡಿ ತಂತ್ರಾಂಶದಲ್ಲಿ ಅದು ಮನೆಮನೆಗೆ ಹೋಯಿತು. ಈಗ ಡಿಟಿಪಿ ಹುಡುಗರನ್ನು ಕೇಳಿ, ‘ನುಡಿ ಕೀಬೋರ್ಡ್’ ಅನ್ನುತ್ತಾರೆ. ಲಿನಕ್ಸ್ ಹಾಕಿದ ಕಂಪ್ಯೂಟರಿನಲ್ಲಿ ಹುಡುಕಿದರೆ ಅದರ ಹೆಸರು ‘ಕಗಪ’, ಪರಿಷತ್ತಿನ ಮೊದಲ ಅಕ್ಷರಗಳು. ಹಿಂದಿ, ಮರಾಠಿ, ಸಂಸ್ಕೃತ, ತೆಲುಗಿಗೂ ಅಲ್ಲಿ ‘ಕಗಪ’ ಇದೆ. ಯಾರೂ ಕದ್ದಿಲ್ಲ, ಕೊಟ್ಟದ್ದನ್ನೇ ತಗೊಂಡಿದ್ದಾರೆ. ಲೈಸೆನ್ಸ್ ಎಲ್ಲೂ ಮುರಿದಿಲ್ಲ. ಆದರೂ ಹೆಸರು ಎಲ್ಲೋ ದಾರಿಯಲ್ಲಿ ಬಿದ್ದುಹೋಯಿತು.

ಇದನ್ನೆಲ್ಲ ಇಷ್ಟು ಉದ್ದ ಬರೆಯುತ್ತಿರುವುದಕ್ಕೆ ಒಂದು ಕಾರಣ ಇದೆ. ಹೇಳಿಬಿಡುತ್ತೇನೆ.

2001ರಲ್ಲಿ ಬೆಂಗಳೂರಿಗೆ ಬಂದು ಒಂದು ಕಡೆ ಕೆಲಸಕ್ಕೆ ಸೇರಿದೆ. ಅಲ್ಲಿ ಫಾಂಟೊಗ್ರಾಫರ್ ಅನ್ನುವ ಸಾಫ್ಟ್‌ವೇರ್ ಇತ್ತು. ಇದನ್ನು ಮಾಡಿದ್ದೂ ಅದೇ ಆಲ್ಟ್‌ಸಿಸ್. ಫಾಂಟನ್ನು ಬಿಚ್ಚಿ, ಒಂದೊಂದು ಅಕ್ಷರದ ಗೆರೆ ಎಳೆದು ತಿದ್ದಿ, ಮತ್ತೆ ಕಟ್ಟಬಹುದು. ನಮ್ಮದು ಅದೂ ಕದ್ದದ್ದೇ ಎಂದು ಬೇರೆ ಹೇಳಬೇಕಾಗಿಲ್ಲ. ನನಗೆ ಕೊಟ್ಟ ಕೆಲಸ: ಒಂದು ರಾಶಿ ಕನ್ನಡ ಫಾಂಟುಗಳನ್ನು ತೆರೆಯುವುದು, ಒಂದೆರಡು ಅಕ್ಷರದ ತಲೆಕಟ್ಟು ಚೂರು ದಪ್ಪ ಮಾಡುವುದು, ಹೊಸ ಹೆಸರಿನಲ್ಲಿ ಉಳಿಸುವುದು. ಫಾಂಟಿನ ಮಾಹಿತಿ ಚೌಕದಲ್ಲಿ ಹೆಸರಿಗೆ ಒಂದು ಜಾಗ, ಹಕ್ಕಿನ ಒಕ್ಕಣೆಗೆ ಒಂದು ಜಾಗ. ಎಷ್ಟೋ ಫಾಂಟುಗಳಲ್ಲಿ ಅದು ಖಾಲಿ ಇರುತ್ತಿತ್ತು, ನನಗಿಂತ ಮೊದಲೇ ಯಾರೋ ಒರೆಸಿದ್ದರು. ಒಂದರಲ್ಲಿ ಮಾತ್ರ ಒಬ್ಬರ ಹೆಸರು, ಅವರ ಊರಿನ ಹೆಸರು ಇತ್ತು. ಧಾರವಾಡದ ಕಡೆಯದು. ದೊಡ್ಡ ಕಂಪನಿಯಲ್ಲ, ಬರೀ ಒಬ್ಬ ಮನುಷ್ಯ. ನಾನು ಅದನ್ನು ಆಯ್ಕೆ ಮಾಡಿ ಅಳಿಸಿದೆ. ಹೊಸ ಹೆಸರು ಒತ್ತಿದೆ. ನಾಲ್ಕು ಸೆಕೆಂಡ್ ಹಿಡಿದಿರಬಹುದು.

ಇದು ನಮ್ಮೊಬ್ಬರ ಬುದ್ಧಿಯಲ್ಲ, ಲೋಕದಲ್ಲೆಲ್ಲ ಇದ್ದದ್ದೇ. ಅಮೆರಿ­ಕದಲ್ಲಿ ಅಕ್ಷರದ ಆಕಾರಕ್ಕೆ ಕೃತಿಸ್ವಾಮ್ಯ ಇಲ್ಲ, ಹೆಸರಿಗೆ ಬೇಕಾದರೆ ಟ್ರೇಡ್‌ಮಾರ್ಕ್. ಅದಕ್ಕೇ ಹೆಲ್ವೆಟಿಕಾವನ್ನು ಹೋಲುವ ಬಿಟ್‌ಸ್ಟ್ರೀಮ್ ಕಂಪನಿಯ ಫಾಂಟಿನ ಹೆಸರು ಸ್ವಿಸ್ 721. ಟೈಮ್ಸ್ ಥರದ್ದು ಡಚ್ 801. ಅದರಲ್ಲಿ ತಪ್ಪೇನಿಲ್ಲ ಎಂದು ಕಾನೂನು. ಆದರೆ ಸದರ್ನ್ ಸಾಫ್ಟ್‌ವೇರ್ ಅನ್ನುವ ಕಂಪನಿಯವರು ಅಡೋಬಿಯ ಫಾಂಟುಗಳನ್ನೇ ಫಾಂಟೊಗ್ರಾಫರಿನಲ್ಲಿ ಬಿಚ್ಚಿ, ಎತ್ತರವನ್ನು ಶೇಕಡ 101 ಮಾಡಿ, ಹೆಸರು ಬದಲಾಯಿಸಿ ಮಾರಿದರು. 1998ರಲ್ಲಿ ಕ್ಯಾಲಿಫೋರ್ನಿಯದ ನ್ಯಾಯಾಲಯ ಇದು ಕಳ್ಳತನವೇ ಅಂದಿತು. ಆಕಾರಕ್ಕೆ ರಕ್ಷಣೆ ಇಲ್ಲದಿರಬಹುದು, ಆದರೆ ಯಾವ ಬಿಂದು ಎಲ್ಲಿ ಇಡಬೇಕು ಎಂದು ಒಬ್ಬರು ಕೂತು ಆರಿಸಿದ್ದಾರಲ್ಲ, ಅದು ಅವರ ಕೆಲಸ ಎಂದು ಹೇಳಿತು. ಶೇಕಡ 101 ಅನ್ನುವುದು ಓದಿದಾಗ ನನ್ನ ‘ಚೂರು ದಪ್ಪ’ ನೆನಪಾಗಿ ಮೈ ಬೆವರಿತು.

ಗಣೇಶನ ಪೇಜ್‌ಮೇಕರ್ ನನಗೆ ಒಂದು ದಿನವೂ ನಿದ್ದೆ ಕೆಡಿಸಿಲ್ಲ. ಸುಳ್ಳು ಯಾಕೆ ಹೇಳಲಿ? ಅದು ತಪ್ಪು ಎಂದು ಗೊತ್ತು, ಅಷ್ಟೇ. ಆದರೆ ಆ ನಾಲ್ಕು ಸೆಕೆಂಡು ಈಗಲೂ ಆಗಾಗ ಬಂದು ಕೂರುತ್ತದೆ. ಒಂದರಲ್ಲಿ ದುಡ್ಡು ಕೊಡದೆ ಬಳಸಿದೆ. ಇನ್ನೊಂದರಲ್ಲಿ ಮಾಡಿದವರೇ ಇಲ್ಲ ಅನ್ನಿಸಿಬಿಟ್ಟೆ. ಧಾರವಾಡದ ಕಡೆಯ ಆ ಹೆಸರನ್ನು ಈಗ ನೆನಪಿಸಿಕೊಳ್ಳಲು ನೋಡುತ್ತೇನೆ. ಮೊದಲ ಅಕ್ಷರ ಬರುತ್ತದೆ, ಆಮೇಲಿನದು ಬರುವುದಿಲ್ಲ.

ಈಗ ನಾನು ದುಡ್ಡು ಕಟ್ಟುತ್ತೇನೆ. ತಿಂಗಳು ತಿಂಗಳು ಬ್ಯಾಂಕಿನಿಂದ ಹೋಗುತ್ತದೆ, ಬಾಡಿಗೆ ಮನೆಯ ಹಾಗೆ. 2013ರಲ್ಲಿ ಅಡೋಬಿ ಪೆಟ್ಟಿಗೆಯಲ್ಲಿ ಮಾರುವುದನ್ನು ಕೈಬಿಟ್ಟು ಚಂದಾಕ್ಕೆ ಇಳಿಯಿತಲ್ಲ, ಅಲ್ಲಿಂದ ಶುರು. ಅದೇ ವರ್ಷ ಜನವರಿಯಲ್ಲಿ ಒಂದು ತಮಾಷೆ ನಡೆದಿತ್ತು. ಫೋಟೋಶಾಪ್ ಮುಂತಾದವು ಒಟ್ಟಿಗಿದ್ದ ಹಳೆಯ ಸಿಎಸ್2 ಕಟ್ಟನ್ನು ಚಾಲೂ ಮಾಡುವ ಸರ್ವರನ್ನು ಅವರು ಮುಚ್ಚಿದರು. ಕೊಂಡವರಿಗೆ ತೊಂದರೆ ಆಗಬಾರದೆಂದು ಸೀರಿಯಲ್ ನಂಬರ್ ಸಮೇತ ಇಂಟರ್‌ನೆಟ್ಟಿನಲ್ಲಿ ಇಟ್ಟರು. ಲೋಕವೆಲ್ಲ ‘ಫೋಟೋಶಾಪ್ ಫ್ರೀ’ ಎಂದು ಮುಗಿಬಿತ್ತು. ಹಾಗಲ್ಲ, ಇದು ಕೊಂಡವರಿಗೆ ಮಾತ್ರ ಎಂದು ಅಡೋಬಿಯವರು ಹೇಳುವಷ್ಟರಲ್ಲಿ ಎಷ್ಟೋ ಜನ ಇಳಿಸಿಕೊಂಡಾಗಿತ್ತು. ಅವತ್ತು ಅಡೋಬಿ ಮಾಡಿದ್ದು ಸರಿ ಎಂದೇ ನನ್ನ ಅನಿಸಿಕೆ. ನಮ್ಮ ಲಾಕ್ ಕಂಪನಿ ಮಾಡದೆ ಇದ್ದದ್ದು ಅದನ್ನೇ ಅಲ್ವಾ?

ಹೋದ ವರ್ಷ ಅಮ್ಮ ಒಂದು ಪುಸ್ತಕ ಕೇಳಿದರು. ಅಜ್ಜಿ ಹೇಳುತ್ತಿದ್ದ ಹಸೆ ಹಾಡುಗಳದ್ದು. ಮೂವತ್ತೆರಡು ಪುಟ. 1999ರಲ್ಲಿ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕೂತು ನಾನೇ ಹೊಡೆದದ್ದು. ಅಜ್ಜಿ ಹೇಳಿದ್ದನ್ನು ಮೊದಲು ಕೈಯಲ್ಲಿ ಬರೆದುಕೊಂಡಿದ್ದೆ. ಮನೆಯಲ್ಲಿದ್ದ ಪ್ರತಿಗೆ ಗೆದ್ದಲು ಹಿಡಿದಿತ್ತು. ಸಿಡಿ ಹುಡುಕಿದೆ, ಫೈಲ್ ಸಿಕ್ಕಿತು. ನಾನು ಬಾಡಿಗೆ ಕಟ್ಟುವ ಅಡೋಬಿಯ ಪುಟ ಕಟ್ಟುವ ಸಾಫ್ಟ್‌ವೇರ್ ಇನ್‌ಡಿಸೈನ್ ಅದನ್ನು ತೆರೆಯಲಿಲ್ಲ. ತೆರೆದಿದ್ದರೂ ಆ ಫಾಂಟ್ ಇಲ್ಲದೆ ಕೋಳಿ ಕೆದರಿದ್ದೇ ಕಾಣುತ್ತಿತ್ತು.

ಶಿವಮೊಗ್ಗಕ್ಕೆ ಹೋದೆ. ಯಜಮಾನರು ಈಗಿಲ್ಲ. ಮಗ ಅಂಗಡಿ ನಡೆಸುತ್ತಾನೆ. ಫ್ಲೆಕ್ಸ್, ಐಡಿ ಕಾರ್ಡ್, ಕಪ್ಪಿನ ಮೇಲೆ ಫೋಟೊ. ಮೂಲೆಯಲ್ಲಿ ಬಟ್ಟೆ ಮುಚ್ಚಿದ ಒಂದು ಹಳೇ ಕಂಪ್ಯೂಟರ್. ‘ಇಟ್ಕೊಂಡಿದೀನಿ ಅಣ್ಣ. ಹಳೇ ಗಿರಾಕಿಗಳು ಪೇಜ್‌ಮೇಕರ್ ಫೈಲ್ ತರ್ತಾರೆ’ ಅಂದ. ಎಷ್ಟೋ ಸಲ ರಿಪೇರಿ ಆಗಿದೆಯಂತೆ. ಪ್ರತಿ ಸಲ ಲೋಡ್ ಮಾಡುವಾಗಲೂ ಅಪ್ಪ ಒತ್ತುತ್ತಿದ್ದದ್ದನ್ನೇ ಒತ್ತುತ್ತಾನಂತೆ. ತೆರೆದ. ಶ್ರೀ ಗಣೇಶ, ಪ್ರಸನ್ನ.

ಹಾಡುಗಳು ಬಂದವು. ಲಾಕ್ ಮುರಿದ ಆ ಫಾಂಟ್ ಕೂಡ ಅಲ್ಲೇ ಇತ್ತು. ಒಂದು ಅಕ್ಷರವೂ ಕದಲಿರಲಿಲ್ಲ. ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ‘ಸಂಗ್ರಹ ಮತ್ತು ಅಕ್ಷರ ಜೋಡಣೆ’ ಎಂದು ನನ್ನ ಹೆಸರು. ಕೆಳಗೆ ಅಂಗಡಿಯ ಹೆಸರು, ಫೋನ್ ನಂಬರ್. ಪುಟ ತಿರುಗಿಸಿದೆ. ಹಿಂದಕ್ಕೆ ಹೋದೆ, ಮತ್ತೆ ಮುಂದಕ್ಕೆ ಬಂದೆ. ಮೂವತ್ತೆರಡು ಪುಟದಲ್ಲಿ ಎಲ್ಲೂ ಅಜ್ಜಿಯ ಹೆಸರಿರಲಿಲ್ಲ.

ಹುಡುಗನನ್ನು ಎಬ್ಬಿಸಿ ನಾನೇ ಕುರ್ಚಿಯಲ್ಲಿ ಕೂತೆ. ನನ್ನ ಹೆಸರಿನ ಮೇಲೆ ಒಂದು ಸಾಲು ಜಾಗ ಮಾಡಿ, ‘ಹಾಡಿದವರು’ ಎಂದು ಹೊಡೆದು ಅಜ್ಜಿಯ ಹೆಸರು ಒತ್ತಿದೆ. ಬೆರಳುಗಳಿಗೆ ಕೀಲಿ ಮರೆತಿರಲಿಲ್ಲ.

‘ಸೇವ್ ಮಾಡ್ಲಾ ಅಣ್ಣ?’ ಅಂದ.

‘ಇರು,’ ಅಂದೆ, ‘ಒಂದ್ಸಲ ಪ್ರೂಫ್ ನೋಡ್ತೀನಿ.’